ಮೌನಿ, ಚಪ್ಪಾಳೆ ಮತ್ತು ಕೋಟಿನ ಮೇಷ್ಟ್ರು

ಜೂನ್ 6

ಮಗಳೇ,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಲ್ಲಿ ನಿಮ್ಮ ದ್ವೀಪದಲ್ಲಿ ಗಾಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸುಖವಾಗಿದೆ ಎಂದುಕೊಳ್ಳುತ್ತೇನೆ. ಗಾಳಿಯೂ ಸುಮ್ಮನಿದ್ದರೆ ಹವಾಮಾನ ಠಾಣೆಯವರಿಗೆ ಕೆಲಸವೇನು ಅಂತ ಅಳಿಯಂದಿರು ನಗುತ್ತಾರೆ, ಗೊತ್ತು. ಅವರ ಜನರೇಟರಿಗೆ ನನ್ನ ನಮಸ್ಕಾರ ಹೇಳು. ಹದಿನೈದು ದಿನಕ್ಕೊಮ್ಮೆ ಬರುವ ನಿಮ್ಮ ದೋಣಿ ನಾಳೆ ಹೊರಡುತ್ತದಂತೆ, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ. ಬೇಗ ಅಂದರೂ ನನ್ನ ಕೈ ನಿನಗೆ ಗೊತ್ತಲ್ಲ, ಪೆನ್ನು ಹಿಡಿದರೆ ಊರೆಲ್ಲ ಸುತ್ತಿಯೇ ಮನೆಗೆ ಬರುವುದು.

ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ಪಿಟೀಲು ಇನ್ನು ಶಾಲೆಗೆ ಹೋಗುವುದಿಲ್ಲವಂತೆ. ಹೆದರಬೇಡ, ಜಗಳವಲ್ಲ. ಕಾಮಾಲೆ ಬಂದು ಮೂರು ತಿಂಗಳು ಮಲಗಿದಳಲ್ಲ, ಈಗ ಕಣ್ಣಿನ ಹಳದಿಯೆಲ್ಲ ಹೋಗಿ ಬೆಳ್ಳಗಾಗಿದೆ, ನಾನೇ ಕಿಟಕಿ ಹತ್ತಿರ ಕರೆದು ನೋಡಿದೆ. ಆದರೆ ಹೆಡ್ ಮೇಷ್ಟ್ರು, "ಹಾಜರಿ ಸಾಲದು, ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಲಿ" ಅಂದರು. ಪಿಟೀಲು ಅಲ್ಲೇ ಅವರೆದುರಿಗೇ, "ಹತ್ತನೇ ಕ್ಲಾಸಿನ ಪಾಠ ಬೇಕಾದರೆ ಓದ್ತೀನಿ ಸಾರ್, ಒಂಬತ್ತನೇ ಕ್ಲಾಸಿನ ಬೆಂಚು ಮಾತ್ರ ಬೇಡ" ಅಂದುಬಿಟ್ಟಳು. ಹುಟ್ಟಿದಾಗ ಅತ್ತ ರಾಗ ಕೇಳಿಯೇ ನಾನು ಆ ಹೆಸರಿಟ್ಟದ್ದು. ಹದಿನೈದು ವರ್ಷವಾದರೂ ತಂತಿ ಸಡಿಲವಾಗಿಲ್ಲ.

ಹೆಡ್ ಮೇಷ್ಟ್ರು ಒಳ್ಳೆಯವರು. ನಕ್ಕರು. ಮನೆಯಲ್ಲೇ ಕಂಪ್ಯೂಟರಿನ ಮೂಲಕ ಹೈಸ್ಕೂಲು ಪಾಠ ಕಲಿಯಲು ಶಿಕ್ಷಣ ಕಚೇರಿ ಅನುಮತಿ ಕೊಡುತ್ತದೆ ಎಂದು ಅವರೇ ದಾರಿ ತೋರಿಸಿದರು. ಹೌಎವರ್, ಷರತ್ತು ಎರಡು. ಜೂನ್ ಮುಗಿಯುವುದರೊಳಗೆ ಯಾವ ಪಠ್ಯಕ್ರಮ ಅಂತ ನಾವೇ ಆರಿಸಿ ಫಾರಂ ತುಂಬಬೇಕು. ಅಕ್ಟೋಬರಿನಲ್ಲಿ ಕಚೇರಿಯಿಂದ ಒಬ್ಬ ಪರಿಶೀಲಕಿ ಮನೆಗೆ ಬಂದು ಹುಡುಗಿಯನ್ನು ಪ್ರಶ್ನೆ ಕೇಳುತ್ತಾರೆ. ಅವರಿಗೆ ಸಮಾಧಾನವಾದರೆ ಸರಿ. ಆಗದಿದ್ದರೆ ಜಿಲ್ಲೆಯ ಹಾಸ್ಟೆಲ್ ಶಾಲೆ. ಬಸ್ಸಿನಲ್ಲಿ ಐದು ಗಂಟೆ ದೂರ. ಅಲ್ಲಿ ಊಟ ಚೆನ್ನಾಗಿದೆಯಂತೆ, ಮೈದಾನ ದೊಡ್ಡದಂತೆ. ನನಗೇನೂ ಅದರ ಬಗ್ಗೆ ಬೇಸರವಿಲ್ಲ. ಸುಮ್ಮನೆ ದೂರ ಎಷ್ಟು ಅಂತ ಬರೆದೆ.

ಆರಿಸುವ ಕೆಲಸ ನನಗೆ ಬಿಡು. ಮೂವತ್ತೆಂಟು ವರ್ಷ ಕನ್ನಡಕದ ಅಂಗಡಿಯಲ್ಲಿ ನಾನು ಮಾಡಿದ್ದಾದರೂ ಏನು? ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸುವುದು, ಗಾಜು ಬದಲಿಸುವುದು, "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ?" ಅಂತ ಕೇಳುವುದು. ಆರಿಸಿಕೊಡುವುದೇ ನನ್ನ ಕಸುಬು. ಅಂಗಡಿಯಾಗಿದ್ದ ಮುಂದಿನ ಕೋಣೆಯಲ್ಲಿ ಗೋಡೆಯ ಅಕ್ಷರದ ಫಲಕ ಹಾಗೇ ಇದೆ. ಅದರ ಕೆಳಗೇ ಕಂಪ್ಯೂಟರು ಇಟ್ಟಿದ್ದೇವೆ. ನಿನ್ನಮ್ಮ ಕೂರುತ್ತಿದ್ದ ಗಲ್ಲಾದ ಕುರ್ಚಿ ಈಗ ಪಿಟೀಲುವಿನದು. ಕಾಲು ನೆಲಕ್ಕೆ ಸರಿಯಾಗಿ ಊರುತ್ತದೆ, ಅಳತೆ ನೋಡಿದೆ.

ಎಂದಿನಂತೆ ನಿನ್ನ,
ಅಪ್ಪ

ಜೂನ್ 21

ಅಪ್ಪಾ,

ನಿಮ್ಮ ಕಾಗದ ಓದಿ ನಿಮ್ಮ ಅಳಿಯ ಜನರೇಟರಿಗೆ ನಿಜವಾಗಿಯೂ ನಮಸ್ಕಾರ ಹೇಳಿದರು. ಅದು ತಕ್ಷಣ ಕೆಮ್ಮಿ ನಿಂತಿತು.

ಮನೆಯಲ್ಲಿ ಕಲಿಯುವುದಕ್ಕೆ ನಮ್ಮಿಬ್ಬರ ಒಪ್ಪಿಗೆ ಇದೆ. ಆದರೆ ಹಾಸ್ಟೆಲಿನ ವಿಷಯ ನಾನೂ ಯೋಚಿಸಿಯೇ ಹೇಳುತ್ತಿದ್ದೇನೆ. ಅಕ್ಟೋಬರಿನಲ್ಲಿ ಪರಿಶೀಲಕಿ ಬೇಡ ಅಂದರೆ ನಾವು ವಾದ ಮಾಡುವುದು ಬೇಡ, ಅವಳು ಹೋಗಲಿ. ನಾವು ಬರಲು ಇನ್ನೂ ಒಂದೂವರೆ ವರ್ಷವಿದೆ. ಅವಳ ಓದು ಅಷ್ಟು ದಿನ ಕಾಯುವುದಿಲ್ಲ.

ಪಠ್ಯಕ್ರಮ ನೋಡುವಾಗ ನಾಲ್ಕು ವಿಷಯ ಕೇಳಿ ಅಪ್ಪಾ. ಕಚೇರಿ ಅದನ್ನು ಮಾನ್ಯ ಮಾಡುತ್ತದೆಯೇ? ಪ್ರಬಂಧವನ್ನು ಮನುಷ್ಯರು ಓದುತ್ತಾರೋ, ಮಿಷನ್ನೋ? ವಿಜ್ಞಾನದ ಪ್ರಯೋಗಕ್ಕೆ ಏನು ದಾರಿ? ತಿಳಿಯದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದೇ? ಎಲ್ಲಕ್ಕಿಂತ ಮೊದಲು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಿಸಿ. ನಿಮಗೆ ಹುರುಪು ಬಂದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಕಾಣಿಸುವುದಿಲ್ಲ. ಅಮ್ಮ ಹೇಳುತ್ತಿದ್ದಳಲ್ಲ.

ಊಟದ ಹೊತ್ತಿಗೆ ಊಟ ಮಾಡಿ.

ನಿಮ್ಮ ಮಗಳು

ಜೂನ್ 24

ಮಗಳೇ,

ನಿನ್ನ ಕಾಗದ ಇನ್ನೂ ಬಂದಿಲ್ಲ, ದೋಣಿ ತಡವಂತೆ. ಆದರೂ ಸಂತೋಷದ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಆರಿಸಿಬಿಟ್ಟೆ!

ಕಚೇರಿಯ ಪಟ್ಟಿಯಲ್ಲಿ ಹೆಸರು ಹತ್ತಾರು. ಅದರಲ್ಲಿ ಮೂರನ್ನು ಒಂದು ವಾರ ಪುಕ್ಕಟೆ ನೋಡಲು ಬಿಡುತ್ತಾರೆ. ಅವರ ನಿಜವಾದ ಹೆಸರುಗಳು ನನ್ನ ನಾಲಿಗೆಗೆ ಹತ್ತವು. ನಾವೇ ಹೆಸರಿಟ್ಟುಕೊಂಡೆವು.

ಮೊದಲನೆಯದು ಕೋಟಿನ ಮೇಷ್ಟ್ರು. ಪರದೆಯ ಮೇಲೆ ಕೋಟು ಹಾಕಿದ ಒಬ್ಬ ಮನುಷ್ಯ ಬಂದು ಮುಕ್ಕಾಲು ಗಂಟೆ ಮಾತಾಡುತ್ತಾನೆ. ಚೆನ್ನಾಗಿಯೇ ಮಾತಾಡುತ್ತಾನೆ, ಆದರೆ ಒಂದು ಮಾತು ನಮ್ಮದು ಕೇಳುವುದಿಲ್ಲ. ನಾನು ಎರಡು ಸಲ ಕೈ ಎತ್ತಿದೆ. ಪಿಟೀಲು, "ಅಜ್ಜ, ಅವರಿಗೆ ನೀವು ಕಾಣಲ್ಲ" ಅಂದಳು. ಕಾಣದಿದ್ದ ಮೇಲೆ ಮೇಷ್ಟ್ರು ಎಂಥವನು?

ಎರಡನೆಯದು ಚಪ್ಪಾಳೆ. ಸರಿ ಉತ್ತರ ಒತ್ತಿದರೆ ಚಪ್ಪಾಳೆ, ಬಣ್ಣದ ಚೂರುಗಳ ಮಳೆ. ತಪ್ಪು ಒತ್ತಿದರೂ "ಪ್ರಯತ್ನ ಚೆನ್ನಾಗಿದೆ" ಅಂತ ಸಣ್ಣ ಚಪ್ಪಾಳೆ. ಪಕ್ಕದ ಮನೆಯ ಹೊಲಿಗೆಯಮ್ಮ ಗೋಡೆ ತಟ್ಟಿ, "ಏನ್ ಸಾರ್, ಮನೇಲಿ ನಾಟಕ ಇಟ್ಕೊಂಡಿದ್ದೀರಾ?" ಅಂತ ಕೇಳಿದರು. ನಾನು ಆ ಹೊತ್ತಿಗೇ ಅದನ್ನು ಮುಚ್ಚಿದೆ.

ಮೂರನೆಯದು ಮೌನಿ. ಆಹಾ! ಬಿಳಿ ಪುಟ, ಕಪ್ಪು ಅಕ್ಷರ, ಒಂದು ಪ್ರಶ್ನೆ, ಒಂದು ಖಾಲಿ ಜಾಗ. ನೀನು ಉತ್ತರ ಬರೆಯುವವರೆಗೂ ಸುಮ್ಮನೆ ಕಾಯುತ್ತದೆ. ಅವಸರವಿಲ್ಲ, ಗದರಿಕೆಯಿಲ್ಲ. ನನ್ನ ಕಣ್ಣಿಗೆ ಅದು ಹೇಗೆ ಕಂಡಿತು ಅಂದರೆ, ಮಂಜಾಗಿದ್ದ ಫಲಕದ ಕೊನೇ ಸಾಲು ಟಕ್ಕಂತ ಸ್ಪಷ್ಟವಾದ ಹಾಗೆ. ಗಣಿತ, ವಿಜ್ಞಾನ, ಇಂಗ್ಲಿಷು, ಸಮಾಜ, ಎಲ್ಲವೂ ಅದರಲ್ಲೇ ಇದೆ. ಎಲ್ಲಕ್ಕೂ ಮೌನಿ ಅಂತಲೇ ಫಾರಂ ತುಂಬಿದೆ.

ಅದರಲ್ಲಿ ಒಂದು ಮಟ್ಟದ ಪರೀಕ್ಷೆ ಇದೆ. ಯಾವ ವಿಷಯದಲ್ಲಿ ಎಷ್ಟು ಬರುತ್ತದೆ ಎಂದು ನೋಡಿ ಪಾಠ ಎಲ್ಲಿಂದ ಶುರು ಮಾಡಬೇಕು ಅಂತ ಅದೇ ತೀರ್ಮಾನಿಸುತ್ತದೆ. ಪಿಟೀಲು ಮಧ್ಯಾಹ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಮಿಷನ್ನು ಪ್ರಾಮಾಣಿಕವೋ ಅಲ್ಲವೋ ನೋಡೋಣ ಅಂತ ನಾನೇ ಒಂದು ಸಲ, ಟ್ರಯಲ್‌ಗೆ, ಕೂತು ಬರೆದೆ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ! ಗಣಿತದಲ್ಲಿ ಕಾಲೇಜಿನ ತ್ರಿಕೋನಮಿತಿ ಕೇಳಿತು, ಕೋನಗಳೆಲ್ಲ ಹಳೇ ಗೆಳೆಯರ ಹಾಗೆ ಎದ್ದು ಬಂದವು. ಇಂಗ್ಲಿಷೂ ಬರೆದೆ. ನನ್ನನ್ನು ಕಾಲೇಜಿನಿಂದ ಅಂಗಡಿಗೆ ಕಳಿಸಿದ್ದೇ ಆ ಇಂಗ್ಲಿಷು, ಎರಡು ಸಲ ಫೇಲು. ಆದರೂ ಐ ಡಿಡ್ ಮೈ ಲೆವೆಲ್ ಬೆಸ್ಟ್.

ಒಂದು ಸುದ್ದಿ. ನಿನ್ನಮ್ಮನ ಮೊದಲ ಕನ್ನಡಕ ಮೇಜಿನ ಖಾನೆಯಲ್ಲಿ ಸಿಕ್ಕಿತು. ಹನ್ನೊಂದು ದಿನದ ಕನ್ನಡಕ. ಮದುವೆಯಾದ ಹೊಸತು, ಗಾಜು ಇಡುವ ಎರಡು ತಟ್ಟೆ ಅದಲುಬದಲಾಗಿ ನನ್ನ ನಂಬರಿನ ಗಾಜು ಅವಳ ಫ್ರೇಮಿಗೆ ಕೂರಿಸಿದ್ದೆನಲ್ಲ, ಅದೇ. ಬಟ್ಟಲು ಬಿಟ್ಟು ಮೇಜಿಗೆ ಟೀ ಸುರಿದಳು, ಕಂಬಕ್ಕೆ ದಾರಿ ಬಿಡಿ ಅಂದಳು, ಹನ್ನೊಂದು ದಿನ ತುಟಿ ಪಿಟಕ್ ಅನ್ನಲಿಲ್ಲ. ಪಿಟೀಲುವಿಗೆ ಈ ಕಥೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗೆದ್ದ ಹುಮ್ಮಸ್ಸಿನಲ್ಲಿ,
ನಿನ್ನ ಅಪ್ಪ

ಆಗಸ್ಟ್ 3

ಮಗಳೇ,

ನಿನ್ನ ನಾಲ್ಕು ಪ್ರಶ್ನೆಯ ಕಾಗದ ಜುಲೈನಲ್ಲಿ ಕೈಸೇರಿತು. ಅಷ್ಟು ಹೊತ್ತಿಗೆ ಫಾರಂ ಹೋಗಿಯಾಗಿತ್ತು. ಮೊದಲನೆಯದಕ್ಕೆ ಹೌದು, ಕೊನೆಯದಕ್ಕೂ ಹೌದು. ನಡುವಿನ ಎರಡಕ್ಕೆ ನನ್ನ ಮೌನಿ ಮೌನವಾಗಿದೆ. ಇರಲಿ.

ಮೊದಲ ತಿಂಗಳ ವರದಿ ಇದರ ಜೊತೆ ಮಡಚಿ ಇಟ್ಟಿದ್ದೇನೆ. ಬೆಳಗ್ಗೆ ಎಂಟೂವರೆಗೆ ನಾವು ಅಂಗಡಿಯ ಹೊತ್ತಿಗೇ ಬಾಗಿಲು ತೆಗೆಯುತ್ತೇವೆ. ನಾನು ಪರದೆಯನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಕೊಡುತ್ತೇನೆ, ಅವಳು ಕೂರುತ್ತಾಳೆ. ಒಂದು ಆಶ್ಚರ್ಯ ಕೇಳು. ಪಿಟೀಲು ಮೊದಲ ದಿನ ಕೂತಾಗ ಮೌನಿ ಮಟ್ಟದ ಪರೀಕ್ಷೆಯನ್ನು ಕೇಳಲೇ ಇಲ್ಲ! ನೇರವಾಗಿ ಪಾಠ ತೆರೆಯಿತು. ಎಂಥ ಬುದ್ಧಿವಂತ ಮಿಷನ್ನು ನೋಡು, ಮುಖ ನೋಡಿಯೇ ಅಳೆದಿರಬೇಕು. ಕೆಲವು ಹಳೇ ಕನ್ನಡಕದವರು ಹಾಗೆ ಇರುತ್ತಿದ್ದರು, ಬಾಗಿಲಲ್ಲಿ ಗಿರಾಕಿ ಕಣ್ಣು ಕಿರಿದು ಮಾಡಿದ ರೀತಿ ನೋಡಿಯೇ ನಂಬರು ಹೇಳುತ್ತಿದ್ದರು.

ಇಂಗ್ಲಿಷನ್ನು ಹತ್ತೇ ನಿಮಿಷದಲ್ಲಿ ಮುಗಿಸುತ್ತಾಳೆ. ಮೌನಿ ಬುಡದಿಂದ ಕಟ್ಟುತ್ತಿದೆ. "ದಿ ಬಾಯ್ ಓಪನ್ಸ್ ದಿ ವಿಂಡೋ" ಅಂತ ಶುರು. ಕಾಯಿಲೆಯಲ್ಲಿ ಮರೆತಿರಬೇಕು ಪಾಪ. ಈಗ ನಾನೂ ಪಕ್ಕದಲ್ಲಿ ಕೂರುತ್ತೇನೆ. "ಅಜ್ಜ, ಈ ಉತ್ತರ ನೀವು ಹೇಳಿ" ಅಂತ ನನಗೇ ಬಿಡುತ್ತಾಳೆ. ನಾನು ಹೇಳಿದ್ದು ಹತ್ತರಲ್ಲಿ ಆರು ಸರಿ. ಪೂರಾ ಬಾಯಿಬಿಟ್ಟು ನಗುತ್ತಾಳೆ, ಕಾಮಾಲೆಗೆ ಮುಂಚೆ ನಗುತ್ತಿದ್ದ ಹಾಗೆ.

ಗಣಿತದ ಹೊತ್ತಿಗೆ ಮಾತ್ರ ತುಂಬಾ ಗಂಭೀರ. ಪೆನ್ಸಿಲು ಕಚ್ಚುತ್ತಾ ಎರಡು ಗಂಟೆ ಅಲುಗಾಡದೆ ಕೂರುತ್ತಾಳೆ. ಎಂಥ ಏಕಾಗ್ರತೆ! ನಾನು ಒಮ್ಮೆ ಇಣುಕಿದೆ, ನನಗೂ ಖುಷಿಯಾಗುವಂಥ ಲೆಕ್ಕ. ಸಹಾಯ ಬೇಕಾ ಅಂದರೆ, "ಇಲ್ಲ ಅಜ್ಜ, ಚೆನ್ನಾಗಿದೆ" ಅನ್ನುತ್ತಾಳೆ. ಪೆನ್ಸಿಲು ವಾರಕ್ಕೆ ಎರಡು ಬೇಕಾಗುತ್ತಿದೆ, ಅಷ್ಟೇ.

ಹಾಸ್ಟೆಲಿನವರು ಒಂದು ಮಾಹಿತಿ ಪುಸ್ತಕ ಕಳಿಸಿದ್ದಾರೆ. ಕಪಾಟಿನ ಮೇಲೆ ಇಟ್ಟಿದ್ದೇನೆ. ಎತ್ತರದಲ್ಲಿ.

ಯುವರ್ಸ್ ಫೇತ್‌ಫುಲಿ ಅಂತ ಬರೆಯುತ್ತಿದ್ದೆವು ಕಾಲೇಜಿನಲ್ಲಿ,
ನಿನ್ನ ಅಪ್ಪ

ಆಗಸ್ಟ್ 18

ಅಪ್ಪಾ,

ವರದಿ ನೋಡಿದೆ. ನಾನು ನೋಡಿದೆ, ನಿಮ್ಮ ಅಳಿಯ ನೋಡಿದರು, ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಇಂಗ್ಲಿಷು ಆರನೇ ಮಟ್ಟ. ಗಣಿತ ಹನ್ನೆರಡನೇ ಮಟ್ಟ, ಅದರಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು. ಹೋದ ವರ್ಷ ಶಾಲೆಯ ಗೋಡೆಪತ್ರಿಕೆಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆದವಳು ನನ್ನ ಮಗಳು. ಮೂರು ತಿಂಗಳ ಕಾಯಿಲೆಯಲ್ಲಿ ಭಾಷೆ ಮರೆತು ತ್ರಿಕೋನಮಿತಿ ಬರುವುದಾದರೆ ಡಾಕ್ಟರುಗಳು ಅದನ್ನು ನೋಡಲು ಸಾಲುಗಟ್ಟಿ ನಿಲ್ಲುತ್ತಾರೆ.

ನಿಮ್ಮ ಜೂನಿನ ಕಾಗದ ತೆಗೆದು ಆಗಸ್ಟಿನ ಕಾಗದದ ಪಕ್ಕ ಇಟ್ಟೆ. ಅಪ್ಪಾ, ಆ ಮಟ್ಟದ ಪರೀಕ್ಷೆಯನ್ನು ಅವಳ ಹೆಸರಿನಲ್ಲಿ ಕೂತು ಬರೆದವರು ಯಾರು? ಮಿಷನ್ನಿಗೆ ಟ್ರಯಲ್ ಅಂತ ಯಾರಾದರೂ ಹೇಳಿದರೇ?

ನೀವು ನಮ್ಮಮ್ಮನಿಗೆ ಹಾಕಿದ ಕನ್ನಡಕವನ್ನೇ ಈಗ ಮೊಮ್ಮಗಳಿಗೂ ಹಾಕಿದ್ದೀರಿ.

ಅಕ್ಟೋಬರಿಗೆ ಇನ್ನು ಎರಡು ತಿಂಗಳು. ಹಾಸ್ಟೆಲಿಗೆ ಒಂದು ಅರ್ಜಿ ಹಾಕಿಟ್ಟಿರುವುದೇ ಒಳ್ಳೆಯದೇನೋ ಅನ್ನಿಸುತ್ತಿದೆ. ಕೋಪ ಇಲ್ಲ. ನಗು ಬರುತ್ತಿದೆ, ಆದರೆ ನಕ್ಕು ಸುಮ್ಮನಿರುವ ವಿಷಯ ಅಲ್ಲ ಇದು.

ನಿಮ್ಮ ಮಗಳು

ಆಗಸ್ಟ್ 20

ಅಮ್ಮಾ,

ಇದನ್ನ ಅಜ್ಜ ಟೀ ಪುಡಿ ತರೋಕೆ ಹೋದಾಗ ಬರೀತಿದ್ದೀನಿ. ಅಜ್ಜ ಅಂಗಡಿಗೆ ಹೋದ್ರೆ ಮುಕ್ಕಾಲು ಗಂಟೆ ಗ್ಯಾರಂಟಿ. ಅಂಗಡಿಯವನ ಕನ್ನಡಕದ ಸ್ಕ್ರೂ ಬಿಗಿ ಮಾಡಿ, ಅವನ ಹೆಂಡತಿಯದ್ದೂ ಒರೆಸಿ ಕೊಟ್ಟು ಬರ್ತಾರೆ.

ನೀನು ವರದಿ ನೋಡಿ ಗಾಬರಿ ಆಗಿರ್ತೀಯ. ನಂಗೆ ಮೊದಲ ದಿನವೇ ಗೊತ್ತಾಯ್ತು. ನನ್ನ ಹೆಸರಿನ ಕೆಳಗೆ ಪರೀಕ್ಷೆ ಬರೆದ ದಿನ, ಹೊತ್ತು ಎಲ್ಲ ಇತ್ತು. ಆ ಹೊತ್ತಲ್ಲಿ ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆದು ಕೂತಿದ್ದೆ. ಉತ್ತರಗಳೂ ಇದ್ದವು. "ನಿನ್ನ ಮಹತ್ವಾಕಾಂಕ್ಷೆ ಏನು?" ಅನ್ನೋದಕ್ಕೆ ಅಜ್ಜ ಇಂಗ್ಲಿಷಲ್ಲಿ ಬರೆದದ್ದು ಕೇಳು: "ಐ ಆಮ್ ಆಪ್ಟಿಶಿಯನ್. ಮೈ ಆಂಬಿಷನ್ ಈಸ್ ಫಿನಿಶ್ಡ್. ಓನ್ಲಿ ಇಂಗ್ಲಿಷ್ ಈಸ್ ಬ್ಯಾಲೆನ್ಸ್."

ಇದನ್ನ ಓದಿದ ಮೇಲೆ ಹೇಗಮ್ಮಾ ಹೇಳಲಿ? ಅಜ್ಜ ಬೆಳಗ್ಗೆ ಎಂಟೂವರೆಗೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬರ್ತಾರೆ. ಅಜ್ಜಿ ಹೋದಮೇಲೆ ಆ ಕೋಣೆಯ ಬಾಗಿಲೇ ತೆಗೆದಿರಲಿಲ್ಲ ಅಂತ ಹೊಲಿಗೆಯಮ್ಮ ಹೇಳಿದ್ರು. ಹೇಳಿದ್ರೆ ಕಚೇರಿಗೂ ಗೊತ್ತಾಗಿ, ಇವರ ಹತ್ರ ಬೇಡ ಅಂತ ನನ್ನ ಹಾಸ್ಟೆಲಿಗೆ ಕಳಿಸಿಬಿಟ್ರೆ?

ಗಣಿತ ನಾನು ಹೇಗೋ ಎಳೀತೀನಿ. ನಿಜ ಹೇಳ್ಬೇಕಂದ್ರೆ ಎಳೆಯೋಕಾಗ್ತಿಲ್ಲ. ಆದ್ರೂ ಅಜ್ಜನಿಗೆ ಮಾತ್ರ ಹೇಳ್ಬೇಡ.

ಪಿಟೀಲು

ಸೆಪ್ಟೆಂಬರ್ 5

ಮಗಳೇ,

ನಿನ್ನ ಕಾಗದ ಓದಿದೆ. ಎರಡನೇ ಸಲವೂ ಓದಿದೆ. ಮೂವತ್ತೆಂಟು ವರ್ಷ ಒಬ್ಬರ ಕಣ್ಣಿಗೆ ಇನ್ನೊಬ್ಬರ ಕಣ್ಣಿಟ್ಟು ಅಳೆದವನಲ್ಲ ನಾನು, ಆ ಹನ್ನೊಂದು ದಿನ ಬಿಟ್ಟರೆ. ಕಸುಬು ಕಲಿಯಲು ಬಂದ ಪ್ರತಿ ಹೊಸಬನಿಗೂ ಮೊದಲು ಹೇಳುತ್ತಿದ್ದದ್ದೇ ಅದು, "ನಿನಗೆ ಸ್ಪಷ್ಟ ಕಂಡರೆ ಏನು ಬಂತು, ಗಿರಾಕಿಯನ್ನ ಕೇಳು."

ಪಿಟೀಲು ಒಳಗೆ ಬಂದಳು. ಕಾಗದ ಅವಳ ಕೈಗೆ ಕೊಟ್ಟೆ. ಓದಿದಳು. ಕಿವಿ ಕೆಂಪಾಯಿತು.

"ನಿಂಗೆ ಗೊತ್ತಿತ್ತಾ?" ಅಂದೆ.

"ಸ್ವಲ್ಪ" ಅಂದಳು.

"ಸ್ವಲ್ಪ ಅಂದ್ರೆ?"

"ಮೊದಲ ದಿನದಿಂದ."

"ಎರಡು ತಿಂಗಳು! ನಿಮ್ಮಜ್ಜಿ ಹನ್ನೊಂದೇ ದಿನ ತಡ್ಕೊಂಡಿದ್ದು. ಬಾಯಿಗೆ ಬೀಗ ಹಾಕಿತ್ತೇನೇ ನಿಂಗೆ?"

"ನೀವು ಅಷ್ಟು ಖುಷಿಯಾಗಿದ್ರಿ ಅಜ್ಜ."

ನಾನು ಎದ್ದು ಕಿಟಕಿಯ ಗಾಜು ಒರೆಸಲು ಹೋದೆ. ಕೊಳೆಯಾಗಿತ್ತು. ಯಾಕೆ ಹೇಳಲಿಲ್ಲ ಅಂತ ನಿನ್ನಮ್ಮನನ್ನು ನಾನು ಕೇಳಿದ ದಿನ ಅವಳೂ ಇದೇ ಮಾತು ಅಂದಿದ್ದಳು. ಅದನ್ನು ಈ ಹುಡುಗಿಗೆ ನಾನು ಹೇಳಿಯೇ ಇರಲಿಲ್ಲ. ಕಥೆಯಲ್ಲಿ ಟೀ ಚೆಲ್ಲಿದ್ದು, ಕಂಬಕ್ಕೆ ದಾರಿ ಬಿಡಿ ಅಂದದ್ದು ಮಾತ್ರ ಹೇಳಿ ನಗಿಸಿದ್ದೆ.

ಆಮೇಲೆ ಕೆಲಸಕ್ಕೆ ಇಳಿದೆವು. ಈ ಸಲ ನನ್ನ ಕಸುಬಿನ ಪ್ರಕಾರ. ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ನಾನು ಪರದೆಗೆ ಬೆನ್ನು ಹಾಕಿ ಅಕ್ಷರದ ಫಲಕದ ಕಡೆ ತಿರುಗಿ ಕೂತೆ. ಮೂರೂ ಪಠ್ಯಕ್ರಮದಲ್ಲಿ ಒಂದೇ ಪಾಠ ತೆರೆಸಿ, ಗಣಿತಕ್ಕೆ ಬೇರೆ, ಇಂಗ್ಲಿಷಿಗೆ ಬೇರೆ, ವಿಜ್ಞಾನಕ್ಕೆ ಬೇರೆ, ಎರಡೇ ಮಾತು ಕೇಳಿದೆ. "ಇದೋ? ಅದೋ?" ಬೇರೆ ಮಾತಾಡಿದರೆ ನನಗೆ ಒಂದು ಸುತ್ತು ಟೀ ಇಲ್ಲ ಅಂತ ಅವಳು ಕಟ್ಟು ಹಾಕಿದ್ದಳು. ಆ ದಿನ ನಾನು ಎರಡು ಸುತ್ತು ಕಳೆದುಕೊಂಡೆ.

ಗಣಿತಕ್ಕೆ ಮೌನಿಯೇ ಇರಲಿ ಅಂದಳು, ಆದರೆ ಪರೀಕ್ಷೆ ಅಳಿಸಿ ಅವಳೇ ಬರೆದು ಹತ್ತನೇ ಮಟ್ಟ. ಇಂಗ್ಲಿಷಿಗೂ ಸಮಾಜಕ್ಕೂ ಕೋಟಿನ ಮೇಷ್ಟ್ರು! ನಾನು ಕೈ ಎತ್ತಿ ಬೇಸತ್ತು ಮುಚ್ಚಿದ್ದೆನಲ್ಲ, ಅವನ ಹಿಂದೆ ಪ್ರಬಂಧ ಓದುವ ಮೇಡಂ ಒಬ್ಬರಿದ್ದಾರಂತೆ. ಬರೆದು ಕಳಿಸಿದರೆ ಎರಡು ದಿನದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಾರೆ. ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು, ನಾನು ಕೋಟು ನೋಡಿ ವಾಪಸು ಬಂದಿದ್ದೆ. ವಿಜ್ಞಾನಕ್ಕೆ ಯಾವುದು ಗೊತ್ತೇ? ಚಪ್ಪಾಳೆ. ಮನೆಯ ಸಾಮಾನಿನಲ್ಲೇ ಮಾಡುವ ಪ್ರಯೋಗ ಅದರಲ್ಲಿ ಮಾತ್ರ ಇದೆಯಂತೆ.

"ಆ ಗಲಾಟೆ ಹೇಗೆ ತಡ್ಕೊಳ್ಳೋದು?" ಅಂದೆ.

"ಅಜ್ಜ, ಚಪ್ಪಾಳೆ ನಿಲ್ಲಿಸೋಕೆ ಒಂದು ಬಟನ್ ಇದೆ. ಮೂಲೇಲಿ. ಮೊದಲಿನಿಂದಲೂ ಇತ್ತು."

ಎರಡು ಕಣ್ಣಿಗೆ ಎರಡು ನಂಬರು ಇರುತ್ತದೆ ಅಂತ ಜೀವನವಿಡೀ ಜನರಿಗೆ ಹೇಳಿದವನು, ನಾಲ್ಕು ವಿಷಯಕ್ಕೆ ಒಂದೇ ಗಾಜು ಹಾಕಲು ಹೊರಟಿದ್ದೆ.

ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಬೇಕಿತ್ತು. ಮುಚ್ಚಿಡಬಹುದಿತ್ತು, "ತಾಂತ್ರಿಕ ಕಾರಣ" ಅಂತ ಬರೆದರೆ ಯಾರೂ ಕೇಳುತ್ತಿರಲಿಲ್ಲ ಎಂದು ಹೊಲಿಗೆಯಮ್ಮ ಹೇಳಿದರು. ನಾನು ಇದ್ದದ್ದು ಇದ್ದ ಹಾಗೆ ಬರೆದೆ. "ಐ ಬೆಗ್ ಟು ಸ್ಟೇಟ್" ಅಂತ ಶುರು ಮಾಡಿ ಮುಂದೆ ಕನ್ನಡಕ್ಕೆ ಬಂದೆ. ಪರೀಕ್ಷೆ ಬರೆದದ್ದು ಅಜ್ಜ, ಹುಡುಗಿಯದು ತಪ್ಪಿಲ್ಲ, ಎರಡು ತಿಂಗಳು ಹೋದದ್ದು ನನ್ನಿಂದ. ಕಳಿಸಿದ ಮೇಲೆ ಹಾಸ್ಟೆಲಿನ ಮಾಹಿತಿ ಪುಸ್ತಕವನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಇಟ್ಟೆ. ಅವಳೂ ನೋಡಲಿ. ಅವಳ ಕಣ್ಣು, ಅವಳೇ ಹೇಳಲಿ. ನನಗೆ ಬೇಸರವಿಲ್ಲ ಅಂತ ಜೂನಿನಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಅದನ್ನೂ ತಿದ್ದುಪಡಿಗೆ ಸೇರಿಸಿಕೋ.

ಪುಸ್ತಕ ತಿರುವಿ ಹಾಕಿ, "ಮೈದಾನ ದೊಡ್ಡದಾಗಿದೆ" ಅಂದಳು. ಆಮೇಲೆ ಅದನ್ನು ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಈಗ ನೆಟ್ಟಗಿದೆ.

ತಪ್ಪೊಪ್ಪಿಕೊಂಡ,
ನಿನ್ನ ಅಪ್ಪ

ಅಕ್ಟೋಬರ್ 27

ಮಗಳೇ,

ಪರಿಶೀಲಕಿ ಬಂದು ಹೋದರು. ಮೊದಲು ಫಲಿತಾಂಶ ಹೇಳಿ ಅಂತ ಪಿಟೀಲು ಪಕ್ಕದಿಂದ ತಿವಿಯುತ್ತಿದ್ದಾಳೆ. ನಾನು ಕ್ರಮವಾಗಿ ಹೇಳುತ್ತೇನೆ.

ಹತ್ತು ಗಂಟೆಗೆ ಬರುತ್ತೇನೆ ಅಂದವರು ಒಂಬತ್ತೂಮುಕ್ಕಾಲಿಗೇ ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಕಡತ, ಮೂಗಿನ ಮೇಲೆ ಕನ್ನಡಕ. ಆ ಕನ್ನಡಕದ ಬಲಗಡೆಯ ಸ್ಕ್ರೂ ಸಡಿಲವಾಗಿ ಒಂದು ಕಡೆ ಜೋತು ಬಿದ್ದಿದೆ! ತಲೆ ತಗ್ಗಿಸಿದಾಗಲೆಲ್ಲ ಜಾರುತ್ತದೆ, ಅವರು ಬೆರಳಲ್ಲಿ ಎತ್ತುತ್ತಾರೆ. ನನ್ನ ಅಂಗಿ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು. ಕೈ ತುರಿಸುತ್ತಿದೆ. ಆದರೆ ಸಹಿ ಬೀಳುವ ಮೊದಲು ಮುಟ್ಟಿದರೆ ಲಂಚ ಅಂದಾರು. ಕೈ ಕಟ್ಟಿ ಕೂತೆ. ಜೀವನದಲ್ಲಿ ಅಂಥ ಕಷ್ಟದ ಎರಡು ಗಂಟೆ ಕಳೆದಿಲ್ಲ.

ಗಣಿತ ಕೇಳಿದರು. ಆರರಲ್ಲಿ ಐದು ಸರಿ. ಆರನೆಯದನ್ನು ಅವಳು, "ಇದು ಇನ್ನೂ ಓದಿಲ್ಲ ಮೇಡಂ, ನವೆಂಬರಿಗೆ ಬರುತ್ತೆ" ಅಂದಳು. ಇಂಗ್ಲಿಷಿನಲ್ಲಿ ಅವಳೂ ಅವರೂ ಅರ್ಧ ಗಂಟೆ ಮಾತಾಡಿದರು. ನನಗೆ ಅರ್ಧ ತಿಳಿಯಿತು. ಹೋದ ವರ್ಷವಾಗಿದ್ದರೆ ಕಾಲು ಭಾಗ ತಿಳಿಯುತ್ತಿತ್ತು. ವಿಜ್ಞಾನಕ್ಕೆ ಪ್ರಯೋಗ ತೋರಿಸು ಅಂದರು. ಪಿಟೀಲು ನನ್ನ ಲೆನ್ಸಿನ ಪೆಟ್ಟಿಗೆ ತಂದಳು. ಎರಡು ಗಾಜು, ಒಂದು ಟಾರ್ಚು, ಬಿಳೀ ಗೋಡೆ. ಬೆಳಕು ಎಲ್ಲಿ ಸೇರುತ್ತದೆ, ಯಾಕೆ ಸೇರುತ್ತದೆ ಅಂತ ಗೋಡೆಯ ಮೇಲೆ ತೋರಿಸಿದಳು. ಚಪ್ಪಾಳೆಯ ಪಾಠ, ನನ್ನ ಗಾಜು. ಬಾಯಿ ಬಿಟ್ಟರೆ ಎಲ್ಲಿ ಹೆಚ್ಚು ಮಾತಾಡುತ್ತೇನೋ ಅಂತ ನಾನು ತುಟಿ ಕಚ್ಚಿಕೊಂಡಿದ್ದೆ.

ಕೊನೆಗೆ ಅವರು ಕಡತದಿಂದ ನನ್ನ ಅರ್ಜಿ ತೆಗೆದರು. "ಐ ಬೆಗ್ ಟು ಸ್ಟೇಟ್" ನೀವೇನಾ ಅಂದರು. ಹೌದು ಅಂದೆ.

"ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಮಕ್ಕಳ ಪರೀಕ್ಷೆ ದೊಡ್ಡವರು ಬರೆದದ್ದು ಬೇಕಾದಷ್ಟು ನೋಡಿದ್ದೀನಿ. ಬರೆದು ಕಮ್ಮಿ ಮಾರ್ಕ್ಸ್ ತಗೊಂಡೋರು, ಅದನ್ನ ಒಪ್ಪಿಕೊಂಡು ಅರ್ಜಿ ಹಾಕಿದೋರು ನೀವೊಬ್ಬರೇ" ಅಂದರು. ಅಂದು, ಕನ್ನಡಕ ಎತ್ತಿಕೊಂಡು, ಬರೆದರು. "ಮನೆಯಲ್ಲೇ ಮುಂದುವರಿಯಬಹುದು." ಕೆಳಗೆ ಸಹಿ.

ಸಹಿಯ ಶಾಯಿ ಆರುವವರೆಗೆ ಕಾದೆ. ಆಮೇಲೆ, "ಮೇಡಂ, ಆ ಕನ್ನಡಕ ಒಂದು ನಿಮಿಷ ಕೊಡಿ" ಅಂದೆ. ಪಿಟೀಲು ನಕ್ಕು ನಕ್ಕು ಗಲ್ಲಾದ ಕುರ್ಚಿಯಿಂದ ಜಾರಿದಳು.

ಹೊರಡುವಾಗ ಪರದೆ ನೋಡಿ ಕೇಳಿದರು, "ಮೌನಿಯಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಹೆಸರು ಇದೆಯಲ್ಲ, ಅದು ಯಾರು?" ನಾನು ಸ್ಕ್ರೂಡ್ರೈವರನ್ನು ಬಹಳ ಹೊತ್ತು ಜೇಬಿಗೆ ಹಾಕಿಕೊಳ್ಳುತ್ತಾ ನಿಂತೆ. ಪಿಟೀಲುವೇ ಹೇಳಿದಳು. ಆ ಆರನೇ ಮಟ್ಟದ ಇಂಗ್ಲಿಷನ್ನು ಅಳಿಸುವ ಬದಲು ಅವಳು ನನ್ನ ಹೆಸರಿಗೆ ಬರೆದುಕೊಟ್ಟಿದ್ದಳು. ಸೆಪ್ಟೆಂಬರಿನಿಂದ ಅವಳ ಗಣಿತದ ಹೊತ್ತಿಗೆ ಪಕ್ಕದ ಮೇಜಿನಲ್ಲಿ ನನ್ನ ಇಂಗ್ಲಿಷು. ಕಾಲೇಜು ಬಿಟ್ಟು ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಬೇಡ.

ಇದರ ಜೊತೆ ಎರಡು ವರದಿ ಇಟ್ಟಿದ್ದೇನೆ. ಅವಳದ್ದನ್ನು ಮೊದಲು ಓದು. ಪೋಷಕರ ಸಹಿಯ ಜಾಗದಲ್ಲಿ ನಾನು ಹಾಕಿದ್ದೇನೆ. ನನ್ನದರಲ್ಲೂ ಪೋಷಕರ ಸಹಿ ಕೇಳಿತ್ತು. ನಿನ್ನ ಕೈಯಲ್ಲಿ ಹಾಕಿಸಲು ದೋಣಿ ಕಾಯಬೇಕಾಗುತ್ತಿತ್ತು, ಅದಕ್ಕೆ ಮನೆಯಲ್ಲಿದ್ದವರೇ ಹಾಕಿದರು. ಷರಾ ಅವಳ ಕೈಬರಹ, ನಾನು ಒಂದಕ್ಷರ ತಿದ್ದಿಲ್ಲ, ಇಲ್ಲೂ ಹಾಗೇ ಇಳಿಸುತ್ತೇನೆ:

"ವಿದ್ಯಾರ್ಥಿ ಆರನೇ ಮಟ್ಟ ಪಾಸಾಗಿದ್ದಾರೆ. ಶರ್ಟು ಇಸ್ತ್ರಿ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಪಾಠದ ನಡುವೆ ಅಜ್ಜಿಯ ಕಥೆ ಹೇಳುತ್ತಾರೆ, ಪೂರ್ತಿ ಹೇಳುವುದನ್ನು ಈಚೆಗೆ ಕಲಿತಿದ್ದಾರೆ. ಮನೆಯಲ್ಲೇ ಮುಂದುವರಿಯಬಹುದು."

ಏಳನೇ ಮಟ್ಟದಿಂದ,
ನಿನ್ನ ಅಪ್ಪ